ಆರು ಹಡಗುಗಳಿಗೆ ಒಂದೇ ಪ್ರಶ್ನೆ

ಉಮರಬ್ಬರನ್ನು ಮೊದಲ ಸಲ ಕಂಡವರಿಗೆ ಆ ಸ್ವರ ಅವರದ್ದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕು. ಐದಡಿ ಮೂರಿಂಚಿನ ಆಳು, ಬಿಳಿ ಕುರುಚಲು ಗಡ್ಡ, ಜೋರು ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು ಅನ್ನಿಸುವಂಥ ಮೈಕಟ್ಟು. ಬಾಯಿ ತೆರೆದರೆ ಮಾತ್ರ ಎದುರಿಗಿದ್ದವನು ತನಗರಿಯದೆ ನೆಟ್ಟಗೆ ನಿಲ್ಲುತ್ತಾನೆ. ಗದರುವ ಸ್ವರವಲ್ಲ ಅದು. ಮನೆಯ ಹಿರಿಯರು ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಾ ಮಾತಾಡಿಸುವಾಗಿನ ಸ್ವರ. ಕೇಳಿದವರಿಗೆ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಪ್ರಾಯದಲ್ಲಿ ಅವರು ಸುರತ್ಕಲ್ ಹತ್ತಿರದ ಕೃಷ್ಣಾಪುರದಲ್ಲಿ ಜೀಪಿಗೆ ಮೈಕ್ ಕಟ್ಟಿಕೊಂಡು ವಾಲಿಬಾಲ್ ಪಂದ್ಯಾಟಗಳ ಪ್ರಚಾರ ಮಾಡುತ್ತಿದ್ದರು. ಒಮ್ಮೆ ಎರಡು ತಂಡಗಳಿಗೆ ಜಗಳವಾಗಿ ಫೈನಲ್ ರದ್ದಾಯಿತು. ಅದನ್ನು ಜೀಪಿನವರಿಗೆ ಹೇಳಲು ಸಂಘಟಕರು ಮರೆತರು. ಉಮರಬ್ಬರು ಇಡೀ ದಿನ ಊರೂರು ಸುತ್ತಿ "ಇಂದು ಸಂಜೆ ನಾಲ್ಕು ಗಂಟೆಗೆ" ಎಂದು ಕೂಗಿಯೇ ಕೂಗಿದರು. ಸಂಜೆ ಮೈದಾನ ತುಂಬಿತು. ಜನ ಸೇರಿದ್ದಾರೆಂದು ಕೇಳಿ ಒಂದು ತಂಡ ಬಂತು, ಆ ತಂಡ ಬಂತೆಂದು ಕೇಳಿ ಇನ್ನೊಂದೂ ಬಂತು. ಇಲ್ಲದ ಪಂದ್ಯ ನಡೆದೇಬಿಟ್ಟಿತು, ಕಪ್ಪನ್ನೂ ಕೊಟ್ಟರು. ಈ ಕಥೆಯನ್ನು ಉಮರಬ್ಬರು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಹೇಳಬಾರದ ಒಬ್ಬರಿಗೂ ಹೇಳಿಬಿಟ್ಟರು, ಆ ಸಂಗತಿ ಮುಂದೆ ಬರುತ್ತದೆ.

ಒಮಾನಿಗೆ ಬಂದದ್ದು ತೊಂಬತ್ತೆಂಟರಲ್ಲಿ. ಮಸ್ಕತ್ತಿನ ವಾದಿ ಕಬೀರ್‌ನ ಗ್ಯಾರೇಜಿನಲ್ಲಿ ಬಿಡಿಭಾಗಗಳ ಕೌಂಟರ್, ಆಮೇಲೆ ರುಸೈಲ್‌ನ ಬಿಸ್ಕತ್ತು ಕಾರ್ಖಾನೆಯ ಗೇಟು, ಕೊನೆಗೆ ದುಕ್ಮ್ ಬಂದರು. ಹೆಂಡತಿ ಬೀಫಾತುಮ್ಮ ಮತ್ತು ಮಗಳು ಮುಫೀದಾ ವಾದಿ ಕಬೀರ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಉಮರಬ್ಬರು ಆರು ತಾಸಿನ ದಾರಿಯಾಚೆ, ಮರುಭೂಮಿ ಮುಗಿದು ಸಮುದ್ರ ಶುರುವಾಗುವಲ್ಲಿ, ತಗಡಿನ ಒಂದು ಕ್ಯಾಬಿನ್ನಿನಲ್ಲಿ. ಅವರ ಕೆಲಸ ಒಂದು ರೇಡಿಯೋ ಸೆಟ್ ಮುಂದೆ ಕೂತು ಮಾತಾಡುವುದು.

ಕಂಪನಿಯದ್ದು ವಿಚಿತ್ರ ವ್ಯಾಪಾರ. ಕಡಲ್ಗಳ್ಳರ ಹೆದರಿಕೆಗೆ ಸರಕು ಹಡಗಿನವರು ಬಂದೂಕಿನ ಕಾವಲುಗಾರರನ್ನು ಬಾಡಿಗೆಗೆ ಕರೆಯುತ್ತಾರೆ. ಆ ಬಂದೂಕು ಹಿಡಿದುಕೊಂಡು ಯಾವ ದೇಶದ ದಡವನ್ನೂ ಹತ್ತುವಂತಿಲ್ಲ. ಅದಕ್ಕಾಗಿ ಕಂಪನಿ ಆರು ಹಳೆಯ ಹಡಗುಗಳನ್ನು ದೂರದ ಸಮುದ್ರದಲ್ಲಿ ತೇಲಿಸಿಟ್ಟಿತ್ತು. ಅವುಗಳಲ್ಲಿ ಮುನ್ನೂರು ಬಂದೂಕು, ನೂರು ಚಿಲ್ಲರೆ ಜನ. ನೇಪಾಳದವರು, ಲಂಕೆಯವರು, ಭಾರತದವರು, ಗ್ರೀಸ್ ದೇಶದ ಒಬ್ಬ ಮುದುಕ ಎಂಜಿನಿಯರ್. ಹೆಚ್ಚಿನವರು ಯಾವ್ಯಾವುದೋ ಸೈನ್ಯದಿಂದ ನಿವೃತ್ತರಾಗಿ ಈಗ ಸಂಬಳಕ್ಕೆ ಬಂದೂಕು ಹಿಡಿದವರು. ಹಡಗುಗಳಿಗೆ ಹೆಸರುಗಳಿದ್ದವು, ಆದರೆ ಎಲ್ಲರೂ ಕರೆಯುತ್ತಿದ್ದದ್ದು ಒಂದು, ಎರಡು, ಮೂರು ಎಂದೇ.

ಪ್ರತಿ ಮಧ್ಯಾಹ್ನ ಹನ್ನೆರಡೂವರೆಗೆ ಹಾಜರಿ. ಉಮರಬ್ಬರು ಗಾಳಿ, ಅಲೆಗಳ ವಿವರ ಓದಿ, ಒಂದರಿಂದ ಆರರವರೆಗೆ ಸಾಲಾಗಿ ಕರೆಯಬೇಕು, ಅವರು ಕ್ಷೇಮ ಅನ್ನಬೇಕು. ಒಬ್ಬರ ಮಾತು ಉಳಿದ ಐವರಿಗೂ ಕೇಳಿಸುತ್ತದೆ. ಸರದಿ ಮುರಿದು ನಡುವೆ ಬಾಯಿ ಹಾಕಿದರೆ ಉಮರಬ್ಬರಿಗೆ ಕೆಂಡದಂಥ ಕೋಪ. ಇಷ್ಟೇ ಆಗಿದ್ದರೆ ಯಂತ್ರವೂ ಮಾಡಬಹುದಿತ್ತು. ನಮ್ಮ ಕರಾವಳಿಯವರಿಗೆ ಎದುರು ಸಿಕ್ಕವರನ್ನು ಊಟದ ವಿಷಯ ಕೇಳದೆ ಬಿಟ್ಟು ಅಭ್ಯಾಸವಿಲ್ಲ. ಪ್ರತಿ ಹಾಜರಿಯ ಕೊನೆಗೆ ಉಮರಬ್ಬರ ಬಾಯಿಂದ ತಾನಾಗಿ ಹೊರಡುತ್ತಿತ್ತು, "ಊಟ ಆಯ್ತಾ?" ಆಗ ಮತ್ತೆ ಒಂದರಿಂದ ಆರರವರೆಗೆ "ಆಯ್ತು, ಆಯ್ತು." ನೇಪಾಳಿಗಳು ಕಲಿತರು, ಲಂಕೆಯವರು ಕಲಿತರು, ಗ್ರೀಸ್ ಮುದುಕನಂತೂ ಅದಕ್ಕೊಂದು ರಾಗವನ್ನೇ ಹಾಕಿದ. ನೆಲ ಕಾಣದ ಆ ನೀರಿನ ಮೇಲೆ ಹದಿನಾಲ್ಕು ವರ್ಷ, ದಿನಾ ಆರು ಸಲ, ಕನ್ನಡದಲ್ಲಿ ಉತ್ತರ ಬರುತ್ತಿತ್ತು.

ಮಸ್ಕತ್ ಆಫೀಸಿನ ಮ್ಯಾನೇಜರ್ ವಿಕಾಸ್‌ಗೆ ಇದು ಸರಿಬರಲಿಲ್ಲ. ರೇಡಿಯೋದಲ್ಲಿ ಕೆಲಸಕ್ಕೆ ಬಾರದ ಮಾತು ನಿಷೇಧ ಎಂದು ಒಂದು ಮೆಮೊ ಕಳಿಸಿದ. ಉಮರಬ್ಬರು ಅದನ್ನು ಓದಿ, ಮಡಚಿ ಡ್ರಾಯರಿನಲ್ಲಿಟ್ಟು, ಮರುದಿನ ಹನ್ನೆರಡೂವರೆಗೆ ಮತ್ತೆ ಕೇಳಿದರು. ಹಠದಿಂದಲ್ಲ, ಮೆಮೊ ಬಂದದ್ದು ಅವರ ಬಾಯಿಗೆ ಗೊತ್ತಿರಲಿಲ್ಲ.

ಕಾವಲುಗಾರರ ಮೇಲಿನ ಅಧಿಕಾರಿ ಟೆರೆನ್ಸ್. ಬೆಳ್ಮಣ್ಣು ಕಡೆಯವರು, ಇಪ್ಪತ್ತು ವರ್ಷ ಸೈನ್ಯದಲ್ಲಿ ಇದ್ದವರು, ಎಲ್ಲರ ಬಾಯಲ್ಲೂ ಕ್ಯಾಪ್ಟನ್. ಓದಿಕೊಂಡ ಮನುಷ್ಯ, ತನ್ನ ಯೋಗ್ಯತೆಗೆ ತಕ್ಕ ಜಾಗ ಸಿಗಲಿಲ್ಲ ಎಂಬ ಕೊರಗು ಹೊತ್ತವರು. ದಡಕ್ಕೆ ಬಂದಾಗಲೆಲ್ಲ ಉಮರಬ್ಬರ ಕ್ಯಾಬಿನ್ನಿನಲ್ಲಿ ಚಹಾ. ಇಬ್ಬರೂ ಊರು ಬಿಟ್ಟು ಬಂದವರು, ಮಾತಾಡಲು ಅವರಿಗೆ ತುಳು, ಕನ್ನಡ ಎರಡೂ ಇದ್ದವು.

ಎರಡು ಸಾವಿರದ ಇಪ್ಪತ್ತಮೂರರ ಜೂನಿನಲ್ಲಿ, ದೂರದ ಉತ್ತರದ ದೇಶವೊಂದರಲ್ಲಿ ಬಾಡಿಗೆ ಸೈನ್ಯ ತಿರುಗಿಬಿದ್ದು ರಾಜಧಾನಿಯ ಕಡೆ ಹೊರಟು, ಒಂದೇ ದಿನದಲ್ಲಿ ಅರ್ಧ ದಾರಿಯಿಂದ ಹಿಂದೆ ಸರಿಯಿತಲ್ಲ, ಆ ಸುದ್ದಿಯನ್ನು ಇಬ್ಬರೂ ಕೂತು ನೋಡಿದರು.

"ಅಷ್ಟು ಟ್ಯಾಂಕು, ಅಷ್ಟು ಜನ ಇಟ್ಕೊಂಡು ಎಂತಕ್ಕೆ ವಾಪಸ್ ಹೋದದ್ದು ಕ್ಯಾಪ್ಟನ್ರೆ?" ಎಂದರು ಉಮರಬ್ಬ.

"ಟ್ಯಾಂಕಿನಿಂದ ಆಗುದಲ್ಲ ಉಮರಾಕ. ನೂರು ಜನ ಸಿಪಾಯಿಗಳು ಇದ್ದಾರೆ ಅಂತ ಇಟ್ಕೊಳ್ಳಿ. ಪ್ರತಿಯೊಬ್ಬನೂ ನೋಡುದು ಪಕ್ಕದವನನ್ನು. ಅವ ಯಾವ ಕಡೆ ಹೋಗ್ತಾನೆ? ಗೆಲ್ಲುವವರ ಕಡೆ ಇರ್ಬೇಕು, ಒಬ್ಬನೇ ಸಿಕ್ಕಿಬೀಳ್ಬಾರ್ದು, ಅಷ್ಟೇ ಎಲ್ಲರಿಗೂ. ಎಲ್ಲ ಮುಗಿದಿದೆ, ನೀನೊಬ್ಬನೇ ಬಾಕಿ ಅಂತ ಪ್ರತಿಯೊಬ್ಬನಿಗೂ ಅನ್ನಿಸಿಬಿಟ್ರೆ ಗುಂಡು ಹಾರಿಸುದೇ ಬೇಡ. ಇವರು ಹೊರಟರು, ಆದ್ರೆ ಬೇರೆಯವರು ಯಾರೂ ಸೇರ್ಲಿಲ್ಲ. ಸೇರ್ಲಿಲ್ಲ ಅಂತ ಎಲ್ಲರಿಗೂ ಕಂಡಿತು. ಖಲಾಸ್."

ಉಮರಬ್ಬರು ಖುಷಿಯಾಗಿ ವಾಲಿಬಾಲ್ ಕಥೆ ಹೇಳಿದರು. ಟೆರೆನ್ಸ್ ಮೊದಲು ನಕ್ಕರು, ಆಮೇಲೆ ಲೋಟ ಕೆಳಗಿಟ್ಟರು. "ಇನ್ನೊಮ್ಮೆ ಹೇಳಿ ಅದನ್ನು" ಎಂದರು. ಉಮರಬ್ಬರು ಉತ್ಸಾಹದಿಂದ ಇನ್ನೊಮ್ಮೆ ಹೇಳಿದರು.

ಮರುವರ್ಷ ಮುಫೀದಾಳ ಮದುವೆಯಾಯಿತು. ಅಳಿಯ ಫಯಾಝ್ ಒಳ್ಳೆಯ ಅಡುಗೆಯವನು, ಮಸ್ಕತ್ ಹತ್ತಿರದ ಸೀಬ್ ಪೇಟೆಯ ಹೋಟೆಲೊಂದು ಮುಚ್ಚಿ ಕೆಲಸ ಕಳೆದುಕೊಂಡಿದ್ದ. ಉಮರಬ್ಬರೇ ಟೆರೆನ್ಸ್‌ಗೆ ಹೇಳಿ ಅವನನ್ನು ನಾಲ್ಕನೇ ಹಡಗಿಗೆ ಅಡುಗೆಗೆ ಹಾಕಿಸಿದರು. ಮುಫೀದಾ ಬಸುರಿ. "ಉಪ್ಪಾ, ಅವರನ್ನು ನೀವು ದಿನಾ ಮಾತಾಡಿಸ್ತೀರಲ್ಲ, ನನಗೆ ಅದೇ ಧೈರ್ಯ" ಎಂದಿದ್ದಳು ಅವಳು.

ಮುಂದಿನ ಜುಲೈ. ಗಾಳಿ ಎದ್ದು ಸಮುದ್ರ ಕಲಕಿಹೋಗುವ ತಿಂಗಳು. ಕಡಲ್ಗಳ್ಳರು ಹತ್ತಿರದಲ್ಲಿದ್ದಾರೆ, ಯಾವ ಹಡಗೂ ರೇಡಿಯೋ ಮುಟ್ಟಬಾರದು, ಹಾಜರಿಯೂ ಬೇಡ ಎಂದು ಟೆರೆನ್ಸ್‌ರ ಆದೇಶ ಬಂತು. ಕುಡಿಯುವ ನೀರು, ಗ್ಯಾಸು, ತರಕಾರಿ ಒಯ್ಯುವ ದೋಣಿಯೂ ನಿಂತಿತು. ಗಾಳಿಗೆ ನಿಂತಿದೆ ಎಂದುಕೊಂಡರು ಉಮರಬ್ಬ. ಮೂರು ಮಧ್ಯಾಹ್ನ ಮೈಕಿನ ಎದುರು ಸುಮ್ಮನೆ ಕೂತು ಎದ್ದರು. ಉಂಡದ್ದು ಮೈಗೆ ಹತ್ತಲಿಲ್ಲ.

ನಾಲ್ಕನೇ ದಿನ ಹನ್ನೆರಡು ಗಂಟೆಗೆ ಟೆರೆನ್ಸ್ ಕ್ಯಾಬಿನ್ನಿಗೆ ಬಂದರು. ಹಿಂದೆ ಒಂದನೇ ಹಡಗಿನ ಇಬ್ಬರು ದಾಂಡಿಗರು. ಒಬ್ಬ ಮೇಜಿನ ಮೇಲಿನ ಮೊಬೈಲ್ ಎತ್ತಿಕೊಂಡ, ಇನ್ನೊಬ್ಬ ಫೋನಿನ ವಯರ್ ಕಿತ್ತ. ಇಬ್ಬರೂ ಬಾಗಿಲಲ್ಲಿ ನಿಂತರು.

"ಹೆದರ್ಬೇಡಿ ಉಮರಾಕ" ಎಂದು ಟೆರೆನ್ಸ್ ಎದುರಿನ ಕುರ್ಚಿ ಎಳೆದುಕೊಂಡರು. "ಇವತ್ತು ಹಾಜರಿ ಉಂಟು. ಕರೆಯುವ ಮೊದಲು ಇದನ್ನು ಓದ್ಬೇಕು."

ಅರ್ಧ ಹಾಳೆಯ ಹಿಂದಿ ಬರಹ. ಇಂದಿನಿಂದ ಹಡಗುಗಳು ಕಂಪನಿಯ ಮಾತು ಕೇಳುವುದಿಲ್ಲ, ಕ್ಯಾಪ್ಟನ್ ಟೆರೆನ್ಸ್ ಹೇಳಿದಂತೆ ನಡೆಯುತ್ತವೆ. ಆರೂ ಹಡಗುಗಳ ಜನ ಒಪ್ಪಿದ್ದಾರೆ. ಒಂದು ಗಂಟೆಗೆ ಎಲ್ಲರೂ ಎಂಜಿನ್ ಚಾಲೂ ಮಾಡಿ ದಕ್ಷಿಣಕ್ಕೆ ಹೊರಡಬೇಕು.

"ದಕ್ಷಿಣಕ್ಕೆ ಎಲ್ಲಿಗೆ?"

ಟೆರೆನ್ಸ್ ಮುಚ್ಚಿಡಲಿಲ್ಲ. ಸಮುದ್ರದ ಆಚೆ ಒಂದು ಪುಟ್ಟ ದೇಶ. ಅಲ್ಲಿಯ ಒಬ್ಬ ಸೇನಾಧಿಕಾರಿಗೆ ಗದ್ದುಗೆ ಬೇಕು, ಅದಕ್ಕೆ ಕೆಲಸ ಗೊತ್ತಿರುವ ನೂರು ಜನ, ಮುನ್ನೂರು ಬಂದೂಕು ಬೇಕು. ಗೆದ್ದರೆ ಟೆರೆನ್ಸ್ ಅಲ್ಲಿ ಸೇನೆಯ ಮುಖ್ಯಸ್ಥ. ಇಷ್ಟನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಬಂದಿತ್ತು. ಉಮರಬ್ಬರು ಆ ಮನುಷ್ಯನ ಎದೆಗಾರಿಕೆಗೆ ಒಳಗೊಳಗೇ ಬೆರಗಾದರು. ಎದುರು ಕೂತು ಚಹಾಕ್ಕೆ ಸಕ್ಕರೆ ಜಾಸ್ತಿಯಾಯಿತೆಂದು ದೂರುತ್ತಿದ್ದವನು ಒಂದು ದೇಶವನ್ನೇ ಕಿತ್ತುಕೊಳ್ಳಲು ಹೊರಟಿದ್ದ!

"ನೀವೇ ಓದಿ ಕ್ಯಾಪ್ಟನ್ರೆ. ನಾನು ಎಂತಕ್ಕೆ?"

"ನಾನು ಓದಿದ್ರೆ ಕ್ಯಾಪ್ಟನ್ ಹೇಳ್ತಾನೆ ಅಂತ ಆಗ್ತದೆ. ನೀವು ಓದಿದ್ರೆ ಆಗಿಹೋಗಿದೆ ಅಂತ ಆಗ್ತದೆ. ವಾಲಿಬಾಲ್ ನೆನಪುಂಟಲ್ಲ?"

ಉಮರಬ್ಬರು ಹಾಳೆಯನ್ನು ಮೇಜಿನ ಮೇಲಿಟ್ಟರು. ಆಗ ಟೆರೆನ್ಸ್ ಮುಂದೆ ಬಗ್ಗಿ ಮೆಲ್ಲಗೆ ಹೇಳಿದರು, "ಫಯಾಝ್ ನಾಲ್ಕರಲ್ಲಿ ಇದ್ದಾನೆ, ನನಗೆ ಗೊತ್ತುಂಟು. ನೀವು ಓದಿ, ನಾನು ಅವನನ್ನು ಇವತ್ತೇ ಇಳಿಸಿ ಮನೆಗೆ ಕಳಿಸ್ತೇನೆ. ದೇವರಾಣೆ. ಓದದಿದ್ರೆ ಅವನೂ ಬರ್ತಾನೆ ನಮ್ಮೊಟ್ಟಿಗೆ. ಅಲ್ಲಿ ಗುಂಡಿಗೆ ಅಡುಗೆಯವ, ಸಿಪಾಯಿ ಅಂತ ಗೊತ್ತಾಗುದಿಲ್ಲ."

ಗೋಡೆಯ ಗಡಿಯಾರ ಹನ್ನೆರಡೂವರೆಗೆ ಬಂತು. ಇಲ್ಲಿ ಉಮರಬ್ಬರು ಏನೋ ದೊಡ್ಡ ಉಪಾಯ ಹೂಡಿದರು ಎಂದು ಮುಂದೆ ಮಸ್ಕತ್ತಿನ ಕೋಣೆಕೋಣೆಗಳಲ್ಲಿ ನಮ್ಮವರು ಕಥೆ ಕಟ್ಟಿದರಲ್ಲ, ಎಲ್ಲ ಬುರುಡೆ. ಅವರ ಕಣ್ಣೆದುರು ಇದ್ದದ್ದು ಮಗಳ ಹೊಟ್ಟೆ ಒಂದೇ. ನೂರು ಜನರ ತಾಯಂದಿರು ಅವರ ನೆನಪಿಗೆ ಬರಲಿಲ್ಲ. ಮೈಕಿನ ಗುಂಡಿ ಒತ್ತಿ, ಗಾಳಿ, ಅಲೆಯ ವಿವರ ಓದಿ, ಆ ಹಾಳೆಯನ್ನೂ ಓದಿದರು. ಸ್ವರ ಎಲ್ಲಿಯೂ ನಡುಗಲಿಲ್ಲ. ಆಮೇಲೆ ಹಾಜರಿ ಕರೆದರು. ಒಂದು, ಕ್ಷೇಮ. ಎರಡು, ಕ್ಷೇಮ. ಆರರವರೆಗೂ ಕ್ಷೇಮ, ಕ್ಷೇಮ. ಯಾರೂ ಎದುರಾಡಲಿಲ್ಲ. ಟೆರೆನ್ಸ್ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ಗೆದ್ದಿದ್ದರು ಅವರು. ಒಂದು ಗುಂಡೂ ಹಾರದೆ ಆರು ಹಡಗುಗಳು ಅವರದ್ದಾಗಿದ್ದವು.

ಉಮರಬ್ಬರ ಬೆರಳು ಇನ್ನೂ ಗುಂಡಿಯ ಮೇಲಿತ್ತು. ಹಾಜರಿ ಮುಗಿದಿತ್ತು. ಬಾಯಿ ತನ್ನಷ್ಟಕ್ಕೆ ಕೇಳಿತು, "ಊಟ ಆಯ್ತಾ?"

ಕೇಳಿದ ಮೇಲೆಯೇ ಅವರಿಗೆ ಕೇಳಿದ್ದು ಗೊತ್ತಾದದ್ದು. ಟೆರೆನ್ಸ್‌ಗೂ ಅದರಲ್ಲೇನೂ ಕಾಣಲಿಲ್ಲ, ಹಣೆ ಗಂಟಿಕ್ಕಿದರು ಅಷ್ಟೆ.

ಒಂದನೇ ಹಡಗು ಚುಟುಕಾಗಿ "ಆಯ್ತು" ಎಂದಿತು. ಎರಡರ ಸರದಿ. ಅಲ್ಲಿಯ ಮುಖ್ಯಸ್ಥ ಸ್ಯಾವಿಯೋ, ಕಾರವಾರದವನು. ಸೆಟ್ಟಿನಲ್ಲಿ ಬರೀ ಗರಗರ. ಒಂದು ನಿಮಿಷವೇ ಕಳೆಯಿತೋ ಏನೋ.

"ಇಲ್ಲ ಉಮರಾಕ" ಎಂದ ಸ್ಯಾವಿಯೋ. "ಊಟ ಆಗ್ಲಿಲ್ಲ. ಗ್ಯಾಸ್ ಮುಗಿದಿದೆ, ನೀರೂ ಮುಗೀತಾ ಬಂತು. ನಾಲ್ಕು ದಿನದಿಂದ ದೋಣಿ ಇಲ್ಲ. ಒಪ್ಪಿದ ಹಡಗಿಗೆಲ್ಲ ದೋಣಿ ಹೋಗಿದೆ, ನೀವೊಬ್ಬರೇ ಬಾಕಿ ಅಂತ ಕ್ಯಾಪ್ಟನ್ ಬಂದು ಹೇಳಿದ್ರು."

ಮೂರರಿಂದ ಒಬ್ಬ ನೇಪಾಳಿ ಹಿಂದಿಯಲ್ಲಿ, ಒಂದೊಂದೇ ಮಾತನ್ನು ತೂಗಿ ಹೇಳಿದ. ನಮ್ಮದೂ ಊಟ ಆಗಿಲ್ಲ. ನಮಗೂ ದೋಣಿ ಬಂದಿಲ್ಲ. ಎರಡಕ್ಕೆ ದೋಣಿ ಹೋಯಿತು, ನೀವೊಬ್ಬರೇ ಬಾಕಿ ಎಂದು ನಮಗೂ ಹೇಳಿದ್ದರು.

ಟೆರೆನ್ಸ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವರು ಹಡಗಿನಿಂದ ಹಡಗಿಗೆ ತಾವೇ ಹೋಗಿ ಹೇಳಿಬಂದ ಒಂದೇ ಸುಳ್ಳು, ಆರು ಹಡಗುಗಳ ಕಿವಿಯಲ್ಲಿ ಒಟ್ಟಿಗೆ ಬಯಲಾಗುತ್ತಿತ್ತು. ಮೈಕ್ ಕಸಿದುಕೊಂಡು, "ಇದು ಕ್ಯಾಪ್ಟನ್! ಮಾತು ನಿಲ್ಲಿಸಿ! ಎಲ್ಲರೂ ಒಪ್ಪಿ ಆಗಿದೆ!" ಎಂದು ಹಿಂದಿಯಲ್ಲಿ ಅಬ್ಬರಿಸಿದರು.

ಗುಂಡಿ ಬಿಟ್ಟೊಡನೆ ಮೂರರ ನೇಪಾಳಿ ಬಹಳ ವಿನಯದಿಂದ ಉತ್ತರಿಸಿದ, "ಸಾಬ್, ಈಗ ನಾಲ್ಕರ ಸರದಿ."

ನೋಡಿ, ಮುನ್ನೂರು ಬಂದೂಕುಗಳ ಒಡೆಯನಿಗೆ ಸಿಕ್ಕ ಉತ್ತರ ಇದು. ಹದಿನಾಲ್ಕು ವರ್ಷ ತಾವು ಬೈದು ಬೈದು ಕಲಿಸಿದ ಸರದಿ ಅಲ್ಲಿ, ಕಣ್ಣಿಗೆ ಕಾಣದ ನೀರಿನ ಮೇಲೆ, ಯಾರ ಹಂಗೂ ಇಲ್ಲದೆ ನಡೆಯುತ್ತಿತ್ತು. ಆದರೆ ನಾಲ್ಕು ಎಂದರೆ ಫಯಾಝ್. ಬೇಡ ಮಗಾ, ಆಯ್ತು ಅನ್ನು, ಆಯ್ತು ಅಂದು ಇಳಿದು ಮನೆಗೆ ಬಾ ಎಂದು ಅವರು ಮನಸ್ಸಿನಲ್ಲೇ ಅಂಗಲಾಚಿದರು.

"ನಾಲ್ಕು" ಎಂದಿತು ಅಳಿಯನ ಸ್ವರ. "ಊಟ ಆಗ್ಲಿಲ್ಲ ಮಾಮ. ಅಡುಗೆ ಮಾಡ್ಲಿಕ್ಕೆ ಎಂತದೂ ಇಲ್ಲ. ನಾವು ಯಾರೂ ಒಪ್ಪಲೂ ಇಲ್ಲ."

ಐದರಲ್ಲಿ ಗ್ರೀಸ್ ಮುದುಕ. ಅವನಿಗೆ ಬರುತ್ತಿದ್ದ ಕನ್ನಡ ಒಂದೇ ಪದ, ಅದು ಇಂದು ಉಪಯೋಗಕ್ಕಿಲ್ಲ. ಇಂಗ್ಲಿಷಿನಲ್ಲಿ "ನೋ, ನೋ, ನೋ" ಎಂದು ಮೂರು ಸಲ ಅಂದ. ಆರೂ ಇಲ್ಲ ಎಂದಿತು. ಸಾಲು ಮುಗಿಯಿತು ಅಂದುಕೊಂಡಾಗ ಸೆಟ್ಟಿನಲ್ಲಿ ಮತ್ತೆ ಗರಗರ. ಒಂದನೇ ಹಡಗು, ಟೆರೆನ್ಸ್‌ರ ಸ್ವಂತ ಹಡಗು, ತಗ್ಗಿದ ಸ್ವರದಲ್ಲಿ ಹೇಳಿತು, "ಉಮರಾಕ, ಮೊದಲು ಆಯ್ತು ಅಂದಿದ್ದೆವು, ತಪ್ಪು. ನಮ್ಮದೂ ಆಗಿಲ್ಲ. ಉಳಿದ ಐದೂ ಒಪ್ಪಿವೆ ಅಂತ ಹೇಳಿದ್ರಿಂದ ನಾವು ಒಪ್ಪಿದ್ದು."

ಬಾಗಿಲಲ್ಲಿದ್ದ ಇಬ್ಬರು ಮುಖಮುಖ ನೋಡಿಕೊಂಡರು. ಒಬ್ಬ ಒಳಗೆ ಬಂದು ಮೊಬೈಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ಇಬ್ಬರೂ ಟೆರೆನ್ಸ್‌ರತ್ತ ತಿರುಗಿಯೂ ನೋಡದೆ ಬಿಸಿಲಿಗೆ ಇಳಿದು ಹೋದರು. ಹತ್ತು ನಿಮಿಷದ ಹಿಂದೆ ಒಂದು ದಂಡು ಇತ್ತು, ಈಗ ಒಬ್ಬ ಮನುಷ್ಯ ಇದ್ದ. ನಡುವೆ ಒಂದು ಗುಂಡೂ ಹಾರಿರಲಿಲ್ಲ, ಯಾರೂ ಯಾರನ್ನೂ ಮುಟ್ಟಿರಲಿಲ್ಲ.

ಉಮರಬ್ಬರು ಮಸ್ಕತ್ತಿಗೆ ಫೋನ್ ಮಾಡಿ ವಿಕಾಸ್‌ಗೆ ಎಲ್ಲವನ್ನೂ ಹೇಳಿದರು. ಪೊಲೀಸರು ಬರಲು ಮುಕ್ಕಾಲು ಗಂಟೆಯಾದರೂ ಬೇಕಿತ್ತು. ಟೆರೆನ್ಸ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರಲ್ಲೇ ಕೂತರು. ಓಡುವ ಯೋಚನೆ ಅವರಿಗಿದ್ದಂತೆ ಕಾಣಲಿಲ್ಲ.

"ಬೇಕಂತಲೇ ಕೇಳಿದ್ದಾ ಉಮರಾಕ?"

"ಅಲ್ಲ ಕ್ಯಾಪ್ಟನ್ರೆ. ಬಾಯಿಗೆ ಬಂತು."

ಟೆರೆನ್ಸ್ ಬೆರಳು ಮಡಚಿ ಎಣಿಸಿದರು. "ರೇಡಿಯೋ ನಿಲ್ಲಿಸಿದೆ. ದೋಣಿ ನಿಲ್ಲಿಸಿದೆ. ಎರಡು ವರ್ಷ ಯೋಚನೆ ಮಾಡಿದ್ದೇನೆ ಮಾರಾಯ್ರೆ. ದಿನಾ ಕೇಳ್ತಿದ್ದೆ ನೀವು ಇದನ್ನು ಕೇಳುದು. ಅದೊಂದು ಮಾತು ಅಂತಲೇ ನನಗೆ ಅನ್ನಿಸಿರ್ಲಿಲ್ಲ."

ಉಮರಬ್ಬರು ಬುತ್ತಿ ಬಿಚ್ಚಿದರು. ಅನ್ನ, ಬಂಗುಡೆ ಸಾರು. ಮುಚ್ಚಳಕ್ಕೆ ಅರ್ಧ ಬಡಿಸಿ ಮುಂದೆ ತಳ್ಳಿದರು. ಟೆರೆನ್ಸ್ ಮೊದಲು ಬೇಡವೆಂದು ತಲೆಯಾಡಿಸಿ, ಆಮೇಲೆ ಉಂಡರು. ಪೊಲೀಸರ ಗಾಡಿ ಬಂದಾಗ ಇಬ್ಬರೂ ಕೈ ತೊಳೆದಾಗಿತ್ತು.

ಅಂದು ಸಂಜೆಯೇ ದೋಣಿ ಹೊರಟಿತು. ಮೂರು ದಿನ ಬಿಟ್ಟು ವಿಕಾಸ್ ಖುದ್ದಾಗಿ ಮಸ್ಕತ್ತಿನಿಂದ ಬಂದು, ಸಮಯಪ್ರಜ್ಞೆಗಾಗಿ ಎಂದು ಬರೆದ ಪ್ರಶಸ್ತಿಪತ್ರ ಕೊಟ್ಟು ಕೈ ಕುಲುಕಿ ಫೋಟೋ ತೆಗೆಸಿಕೊಂಡ. ಮೆಮೊದ ವಿಷಯ ಅವನು ಎತ್ತಲಿಲ್ಲ. ಪ್ರಶಸ್ತಿಪತ್ರ ಡ್ರಾಯರಿನಲ್ಲಿ ಆ ಮೆಮೊದ ಮೇಲೆಯೇ ಹೋಗಿ ಕೂತಿತು.

ಫಯಾಝ್ ರಜೆಯಲ್ಲಿ ದಡಕ್ಕೆ ಇಳಿದ ದಿನ ಇಬ್ಬರೂ ಕಂಪನಿಯ ಬಸ್ಸಿನಲ್ಲಿ ವಾದಿ ಕಬೀರ್‌ಗೆ ಹೊರಟರು. ದಾರಿಯ ಹೈಮಾ ಪಟ್ಟಣ ದಾಟಿದ ಮೇಲೆ ಉಮರಬ್ಬರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು, "ಉಪಾಯ ಎಂತದೂ ಅಲ್ಲ ಫಯಾಝ್. ಅದನ್ನು ನಾನು ಓದಿದೆ. ನಿನ್ನೊಬ್ಬನಿಗೋಸ್ಕರ ಎಲ್ಲರನ್ನೂ ಕೊಟ್ಟುಬಿಟ್ಟಿದ್ದೆ."

"ಗೊತ್ತುಂಟು ಮಾಮ" ಎಂದ ಫಯಾಝ್. "ಕ್ಯಾಪ್ಟನ್ ಎರಡು ಸಲ ಬಂದು ಹೇಳಿದ್ರು. ನಾವು ನಂಬ್ಲಿಲ್ಲ. ಬೇಕಾದ್ರೆ ಸಾಯ್ತೇವೆ, ಹೋಗುದಿಲ್ಲ ಅಂತ ಕೂತಿದ್ದೆವು. ನೀವು ಓದಿದ್ರಿ ನೋಡಿ, ಎಲ್ಲರೂ ಎದ್ರು. ಯಾರೂ ಒಂದು ಮಾತು ಆಡ್ಲಿಲ್ಲ ಮಾಮ. ಎಂಜಿನ್ ರೂಮಿನವ ಇಳಿದು ಹೋದ. ನಾನು ಕೂಡ ಬಟ್ಟೆ ಚೀಲಕ್ಕೆ ಹಾಕ್ಲಿಕ್ಕೆ ಶುರು ಮಾಡಿದ್ದೆ."

ಹಸಿವಿಗೆ ಬಗ್ಗದೆ ಕೂತಿದ್ದ ಗಂಡಸರು ಉಮರಬ್ಬರ ಸ್ವರ ಕೇಳಿ ಎದ್ದು ನಿಂತಿದ್ದರು. ಇಷ್ಟು ದಿನ ತಮ್ಮ ಗಂಟಲಲ್ಲಿ ಇಂಥದ್ದೊಂದನ್ನು ಇಟ್ಟುಕೊಂಡು ತಾವು ಚಹಾ ಕುಡಿಯುತ್ತಿದ್ದರೇ ಎಂದು ಅವರಿಗೆ ಹೆದರಿಕೆಯಾಯಿತು. ದಾರಿಯುದ್ದಕ್ಕೂ ಕೈ ಕತ್ತಿನ ಮೇಲೆಯೇ ಇತ್ತು. ಮನೆಯಲ್ಲಿ ಮುಫೀದಾ ಗಂಡನನ್ನು ನೋಡಿ ಅತ್ತಳು, ಅಪ್ಪನ ಕೈ ಹಿಡಿದು ನಕ್ಕಳು. ಎರಡಕ್ಕೂ ಅವರು ತಲೆ ಎತ್ತಲಿಲ್ಲ.

ರಜೆ ಮುಗಿಸಿ ದುಕ್ಮ್‌ಗೆ ಮರಳಿದ ಮೊದಲ ಮಧ್ಯಾಹ್ನ ಉಮರಬ್ಬರು ಮೈಕಿನ ಮುಂದೆ ಕೂತರು. ನೀರು ಕುಡಿದರು. ಗಾಳಿ, ಅಲೆ ಓದಿದರು, ಆದರೆ ಓದುವ ಮೊದಲು ಕಾಗದವನ್ನು ಎರಡು ಸಲ ನೋಡಿಕೊಂಡರು. ಆರೂ ಹಡಗುಗಳು ಕ್ಷೇಮ ಎಂದವು. ಆಮೇಲೆ ಸೆಟ್ಟು ಸುಮ್ಮನಾಯಿತು. ಅತ್ತ ನೂರು ಜನ ಕಾಯುತ್ತಿದ್ದರು, ಇತ್ತ ಉಮರಬ್ಬರ ಬಾಯಿ ತಾನಾಗಿ ತೆರೆಯಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ, ಅವರು ಬೇಕೆಂದೇ ಕೇಳಿದರು.

"ಊಟ ಆಯ್ತಾ?"

ಕೇಳಿ, ಗುಂಡಿಯಿಂದ ಬೆರಳು ತೆಗೆದು, ಒಂದನೇ ಹಡಗು ಏನನ್ನುತ್ತದೆಂದು ಕಿವಿಗೊಟ್ಟು ಕೂತರು.